ಎಡಗಾಲಿನಿಂದ ಎದೆಗೆ

ನನಗೆ ಬಂದದ್ದು ಎದೆಯ ಕಾಯಿಲೆ. ಆದರೆ ಅದು ಹೊರಟದ್ದು ಎಡಗಾಲಿನ ಮೀನಖಂಡದಿಂದ. ಇದನ್ನು ಮೊದಲು ಕೇಳಿದ ದಿನ ನಾನು ಎಷ್ಟು ಬೆಪ್ಪಾಗಿದ್ದೆನೋ, ಇಷ್ಟು ವರ್ಷಗಳ ಮೇಲೆ ಬರೆಯಲು ಕೂತಾಗಲೂ ಅಷ್ಟೇ ಬೆಪ್ಪಾಗಿದ್ದೇನೆ. ಕಾಲೆಲ್ಲಿ, ಎದೆಯೆಲ್ಲಿ? ನಡುವೆ ಅಷ್ಟು ದೊಡ್ಡ ಹೊಟ್ಟೆ, ಅದರ ಸುತ್ತ ದೊಡ್ಡವ್ವ ಬಿಗಿದು ಕಟ್ಟಿದ್ದ ಹಳೇ ಸೀರೆ. ಅದನ್ನೆಲ್ಲ ದಾಟಿಕೊಂಡು ಅದು ಮೇಲಕ್ಕೆ ಹೋಗಿತ್ತು.

ಎರಡು ಸಾವಿರದ ಒಂಬತ್ತರ ಮಾತು. ನಾನು ನಂಜನಗೂಡಿನ ಒಂದು ಶಾಲೆಯಲ್ಲಿ ಗುಮಾಸ್ತೆ. ನನ್ನ ಗಂಡ ಶಿವಣ್ಣ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಮಷೀನ್ ನೋಡಿಕೊಳ್ಳುವವರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ತಿ. ನರಸೀಪುರದ ಪಕ್ಕದ ನಮ್ಮೂರಿಗೆ ಏಳು ತಿಂಗಳಿಗೇ ಬಂದಿದ್ದೆ. ತವರು ಎಂದರೆ ನನಗೆ ದೊಡ್ಡವ್ವ, ನನ್ನ ಅವ್ವನ ಅಕ್ಕ. ನನಗೆ ನಾಲ್ಕು ವರ್ಷವಿದ್ದಾಗ ಅವ್ವ ತೀರಿಕೊಂಡಳು. ನನ್ನನ್ನೂ ನನ್ನ ತಮ್ಮನನ್ನೂ ಮಡಿಲಿಗೆ ಹಾಕಿಕೊಂಡು ಸಾಕಿದವಳು ದೊಡ್ಡವ್ವನೇ. ನಾನು ಆಡುವ ಮಾತು, ಬೈಯುವ ಬೈಗುಳ, ಸಾರಿಗೆ ಹಾಕುವ ಉಪ್ಪಿನ ಅಂದಾಜು ಎಲ್ಲ ಅವಳದ್ದೇ.

ಊರಿನ ಮೂರು ಬೀದಿಗಳ ಬಾಣಂತಿಯರಿಗೆ ನೀರು ಹಾಕುತ್ತಿದ್ದವಳು ಅವಳು. ಹರಳೆಣ್ಣೆ ನೀವಿ, ಹಂಡೆಗಟ್ಟಲೆ ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಕಂಬಳಿ ಹೊದಿಸಿ ಬೆವರು ಬರುವಂತೆ ಮಲಗಿಸುವವರೆಗೆ ಅವಳಿಗೆ ಸಮಾಧಾನವಿಲ್ಲ. ಇದಕ್ಕೆಲ್ಲ ಒಂದು ರವಿಕೆ ಕಣ, ಎಲೆ ಅಡಿಕೆ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಊರ ಬಾಣಂತಿಯರಿಗೆಲ್ಲ ನೀವಿದವಳು ಸ್ವಂತ ಮಗಳಿಗೆ ಬಿಟ್ಟಾಳೆಯೇ? ಕೂಸು ಹುಟ್ಟಿದ ಮೂರನೆಯ ದಿನ ಆಸ್ಪತ್ರೆಯಿಂದ ಬಂದವಳನ್ನು ಕತ್ತಲೆ ಕೋಣೆಗೆ ಹಾಕಿದಳು. ಏಳಬೇಡ, ತಿರುಗಬೇಡ, ಗಾಳಿಗೆ ಮುಖ ಕೊಡಬೇಡ. ಊಟಕ್ಕೆ ಬಿಸಿ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ನೀರು ಕೇಳಿದರೆ ಅರ್ಧ ಲೋಟ, ಅದೂ ಜೀರಿಗೆ ಹಾಕಿ ಕುದಿಸಿದ್ದು.

“ಬಾಯಾರ್ತದೆ ಕಣ್ ದೊಡ್ಡವ್ವ.”

“ಬಾಯಾರ್ಲಿ. ಈಗ ನೀರ್ ಕುಡುದ್ರೆ ಒಟ್ಟೆ ದಪ್ಪಾಯ್ತದೆ. ಆಮೇಲೆ ನಿನ್ ಗಂಡ ಇದ್ಯಾರಪ್ಪ ಅಂತ ಕೇಳಾನು.”

ಹೀಗೆ ನಗುನಗುತ್ತಲೇ ದಿನ ಹೋಗುತ್ತಿದ್ದವು.

ಹನ್ನೆರಡನೆಯ ದಿನ ಎಡಗಾಲು ಭಾರವಾದಂತಾಯಿತು. ಮರುದಿನ ನೋಡಿದರೆ ಮೀನಖಂಡ ಬಲಗಾಲಿಗಿಂತ ದಪ್ಪ. ಚರ್ಮ ಹೊಳೆಯುತ್ತಿತ್ತು, ಬೆಚ್ಚಗಿತ್ತು, ಹೆಜ್ಜೆ ಊರಿದರೆ ಒಳಗೆ ಯಾರೋ ಹಿಡಿದು ಹಿಂಡಿದ ಹಾಗೆ. ದೊಡ್ಡವ್ವ ಒತ್ತಿ ನೋಡಿದಳು.

“ವಾಯು ಇಳ್ಕಂಡದೆ. ಒಂದೇ ಮಗ್ಗುಲಾಗಿ ಮಲಗಿದ್ರೆ ಇನ್ನೇನಾದದು? ತಡಿ, ನಾಕೇ ದಿನ, ಎಂಗೆ ಇಳುಸ್ತೀನಿ ನೋಡು.”

ನಾಲ್ಕು ದಿನ ಬೆಳಿಗ್ಗೆ ಆ ಕಾಲಿಗೆ ಬೇರೆಯಾಗಿ ಎಣ್ಣೆ ಕಾಸಿದಳು. ಹಿಮ್ಮಡಿಯಿಂದ ತೊಡೆಯವರೆಗೆ, ಎರಡೂ ಹೆಬ್ಬೆರಳು ಊರಿ, ಕೆಳಗಿನಿಂದ ಮೇಲಕ್ಕೆ ನೀವಿದಳು. ನಾನು ಕಿರುಚುತ್ತಿದ್ದೆ.

“ಎರಿಗೆ ನೋವು ತಡ್ಕಂಡವ್ಳು, ಇದ್ಕೆ ಬಾಯ್ ಬಡ್ಕತೀಯಲ್ಲ. ಸುಮ್ಕಿರು.”

ಐದನೆಯ ದಿನ ಸ್ನಾನ ಮುಗಿಸಿ ಮಣೆಯಿಂದ ಎದ್ದು ನಿಂತೆ. ಎದೆಯ ಬಲಭಾಗಕ್ಕೆ ಹಾರೆಯಲ್ಲಿ ತಿವಿದಂತಾಯಿತು. ಉಸಿರು ಎಳೆಯಲು ಬಾಯಿ ತೆರೆದೆ, ಗಾಳಿ ಒಳಗೆ ಬಂತು, ಆದರೂ ಏನೂ ಬಾರದ ಹಾಗೆ. ಕಣ್ಣು ಕತ್ತಲೆಯಾಯಿತು. ಎಚ್ಚರವಾದಾಗ ದೊಡ್ಡವ್ವನ ತೊಡೆಯ ಮೇಲಿದ್ದೆ. ಅವಳು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದು, “ಕಣ್ ಬುಡು ಮಗ, ಕಣ್ ಬುಡು” ಎಂದು ಅಳುತ್ತಿದ್ದಳು.

ನರಸೀಪುರದ ಡಾಕ್ಟರು ನೋಡಿ, ರಕ್ತ ಕಡಿಮೆ ಇದೆ, ಬಾಣಂತಿಗೆ ಗಾಬರಿ ಸಹಜ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಶೀತ ಎಂದರು ಕೆಲವರು. ಪಕ್ಕದ ಮನೆ ಪುಟ್ಟಮ್ಮ ಗಾಳಿ ಸೋಕು ಎಂದಳು. ದೊಡ್ಡವ್ವ ಅಂಥದ್ದನ್ನು ನಂಬುವವಳಲ್ಲ, ಆದರೂ “ಇರ್ಲಿ ಅತ್ಲಾಗೆ” ಎಂದು ಒಂದು ತಾಯಿತ ಕಟ್ಟಿಸಿದಳು.

ಇದರ ನಡುವೆ ಒಂದು ಸಂತೋಷದ ವಿಷಯವೂ ಆಗಿತ್ತು. ಎದೆನೋವು ಬಂದ ಮರುದಿನವೇ ಕಾಲಿನ ಊತ ಮುಕ್ಕಾಲು ಪಾಲು ಇಳಿದಿತ್ತು. “ನೋಡ್ದಾ, ನಾನ್ ಯೋಳ್ನಿಲ್ವಾ, ಇಳೀತದೆ ಅಂತ” ಎಂದು ದೊಡ್ಡವ್ವ ಅದನ್ನು ಬಂದವರಿಗೆಲ್ಲ ತೋರಿಸಿದಳು. ಇಳಿದದ್ದು ಹೋದದ್ದೆಲ್ಲಿಗೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೂರು ವಾರ ಕಳೆಯಿತು. ಕೂಸನ್ನು ತೊಟ್ಟಿಲಿನಿಂದ ಎತ್ತಿಕೊಳ್ಳುವಷ್ಟರಲ್ಲಿ ದಮ್ಮು ಬರುತ್ತಿತ್ತು. ಹಾಲು ಕುಡಿಸುವಾಗ ನನ್ನ ಎದೆ ಹಾರುವುದಕ್ಕೆ ಅದು ಬಾಯಿ ತಪ್ಪಿ ಅಳುತ್ತಿತ್ತು. ಸೋಮಾರಿತನ ಎಂದುಕೊಂಡಾರೆಂದು ಯಾರಿಗೂ ಹೇಳಲು ನಾಚಿಕೆ. ಹಿಡಿದವರು ಶಿವಣ್ಣ. ಭಾನುವಾರ ಬಂದವರು ಹತ್ತು ನಿಮಿಷ ನನ್ನ ಮಾತು ಕೇಳಿ, “ಲೇ, ಒಂದೊಂದು ಮಾತಿಗೂ ಯಾಕ್ ನಿಲ್ಲಿಸ್ತೀಯ?” ಎಂದರು.

“ನಿಮಗೂ ಮಾತಾಡೋಕೆ ಜಾಗ ಬಿಡ್ತಿದೀನಿ.”

ಅವರು ನಗಲಿಲ್ಲ. ಮಾರನೆಯ ದಿನವೇ ಮೈಸೂರಿಗೆ ಕರೆದುಕೊಂಡು ಹೋದರು.

ಮೈಸೂರಿನಲ್ಲಿ ಎದೆಯ ಎಕ್ಸ್‌ರೇ ತೆಗೆದರು. ಚೆನ್ನಾಗಿದೆ ಎಂದರು. ಸ್ಕ್ಯಾನ್ ಮಾಡಿದರು. ನಾನು ಉಸಿರು ಹಿಡಿಯಲಾರದೆ ಚಿತ್ರ ಕದಲಿತ್ತು, ಕಂಡಷ್ಟರಲ್ಲಿ ದೊಡ್ಡ ನಾಳಗಳೆಲ್ಲ ಸರಿಯಾಗಿದ್ದವು. ಪ್ರತಿ ಸಲವೂ ಚೆನ್ನಾಗಿದೆ ಎನ್ನುವುದು ಕೇಳಿ ನನಗೆ ಸಮಾಧಾನವಾಗುವ ಬದಲು ಹೆದರಿಕೆಯೇ ಹೆಚ್ಚಿತು. ಎಲ್ಲ ಚೆನ್ನಾಗಿರುವವಳು ಬಚ್ಚಲಿನಿಂದ ಕೋಣೆಗೆ ಗೋಡೆ ಹಿಡಿದು ಯಾಕೆ ಬರುತ್ತಾಳೆ? ಕೊನೆಗೆ ಹೃದಯದ ಎಕೋ ಮಾಡಿದ ಡಾಕ್ಟರು ಮಾತ್ರ ಬಹಳ ಹೊತ್ತು ಪರದೆ ನೋಡಿದರು. ಹೃದಯದ ಬಲಗಡೆ ಏನೋ ಒತ್ತಡವಿದೆ, ಕಾರಣ ಗೊತ್ತಾಗಬೇಕು, ಬೆಂಗಳೂರಿನಲ್ಲಿ ಹೊಸ ಬಗೆಯ ಸ್ಕ್ಯಾನ್ ಬಂದಿದೆ, ತಡಮಾಡಬೇಡಿ ಎಂದು ಚೀಟಿ ಬರೆದುಕೊಟ್ಟರು. ಕಾಲಿನ ಊತದ ವಿಷಯ ಅಲ್ಲಿಯವರೆಗೆ ಯಾವ ಡಾಕ್ಟರಿಗೂ ನಾನು ಹೇಳಿರಲೇ ಇಲ್ಲ. ಎದೆ ಡಾಕ್ಟರ ಹತ್ತಿರ ಕಾಲಿನ ಮಾತು ಯಾಕೆ, ಅದೂ ಇಳಿದುಹೋದದ್ದು?

ಬೆಂಗಳೂರಿಗೆ ನಾಲ್ವರು ಹೋದೆವು. ನಾನು, ಶಿವಣ್ಣ, ಕೂಸು, ಕೂಸನ್ನು ಇನ್ನಾರ ಕೈಗೂ ಕೊಡದ ದೊಡ್ಡವ್ವ. ಒಂದು ಚೀಲದಲ್ಲಿ ಫ್ಲಾಸ್ಕು, ಬಟ್ಟೆ, ಕೂಸಿಗೆ ಹಾಲು ಹುಯ್ಯುವ ಬೆಳ್ಳಿ ಒಳಲೆ. ಅಷ್ಟು ದೊಡ್ಡ ಆಸ್ಪತ್ರೆಯನ್ನು ಅವಳು ಕಂಡಿರಲಿಲ್ಲ. ಕಾಯುವ ಹಜಾರದಲ್ಲಿ ಸಾಲು ಕುರ್ಚಿ, ಗೋಡೆಯಲ್ಲಿ ನಂಬರು ಬದಲಾಗುವ ಬೋರ್ಡು. ದೊಡ್ಡವ್ವ ಅದನ್ನೇ ನೋಡುತ್ತ, “ಬಸ್‌ಸ್ಟಾಂಡಿನಂಗೇ ಅದೆ, ಬಸ್ಸೊಂದು ಬರಾಕಿಲ್ಲ” ಎಂದಳು. ಪಕ್ಕದಲ್ಲಿ ಕೋಲಾರದ ಕಡೆಯ ಒಬ್ಬ ಹೆಂಗಸು ಗಂಡನನ್ನು ಒಳಗೆ ಕಳಿಸಿ ಕೂತಿದ್ದಳು. ನಾನು ಹಾಲು ಕುಡಿಸಲು ಒದ್ದಾಡುವುದನ್ನು ನೋಡಿ ತನ್ನ ಶಾಲು ಬಿಚ್ಚಿ ನನ್ನ ಹೆಗಲ ಮೇಲೆ ಹೊದಿಸಿ ಆ ಕಡೆ ತಿರುಗಿ ಕೂತಳು. ಅವಳ ಹೆಸರು ಕೇಳಲಿಲ್ಲ. ಇವತ್ತಿಗೂ ನೆನೆಯುತ್ತೇನೆ.

ಸ್ಕ್ಯಾನ್ ಆದಮೇಲೆ ಒಂದು ದಿನ ಹಾಲು ಕುಡಿಸಬಾರದು, ಹಿಂಡಿ ಚೆಲ್ಲಬೇಕು ಎಂದಳು ನರ್ಸು. ದೊಡ್ಡವ್ವನಿಗೆ ಅದು ಒಪ್ಪಿಗೆಯಾಗಲಿಲ್ಲ.

“ಚೆಲ್ಲಾದಾ? ಎದೆಹಾಲ? ನಿಮ್ ಮಿಸನ್ನು ಏನ್ ಇಸ ಇಕ್ಕದವ್ವ?”

“ವಿಷ ಅಲ್ಲ ಅಜ್ಜಿ, ಔಷಧಿ. ಒಂದೇ ದಿನ.”

“ಔಷ್ದಿ ಅಂದ್ರೆ ಕೂಸು ಕುಡುದ್ರೆ ಒಳ್ಳೇದೇ ಅಲ್ವಾ ಮತ್ತೆ?” ನರ್ಸು ನಗುತ್ತ ಒಳಗೆ ಹೋದಳು.

ಒಳಗೆ ತಾಳಿ, ಓಲೆ, ತಾಯಿತ ಎಲ್ಲ ಬಿಚ್ಚಿಸಿ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಟ್ಟರು. ಮಷೀನಿನ ಹತ್ತಿರ ಇದ್ದವರು ಒಬ್ಬ ನಡುವಯಸ್ಸಿನ ಟೆಕ್ನೀಷಿಯನ್ನು. ನಾನು ಮಷೀನನ್ನೇ ನೋಡುತ್ತ ನಿಂತದ್ದನ್ನು ಕಂಡು ತಾವೇ ಮಾತು ತೆಗೆದರು.

“ಇದು ಎರಡು ಬಗೆಯ ಕಿರಣ ಬಿಡ್ತದಮ್ಮ, ಒಂದು ಜೋರು, ಒಂದು ಮೆದು. ಎರಡರಲ್ಲೂ ತೆಗೆದ ಚಿತ್ರ ಹೋಲಿಸಿ, ಔಷಧಿ ರಕ್ತದ ಜೊತೆ ಎಲ್ಲೆಲ್ಲಿ ಹೋಯ್ತು ಅಂತ ಬಣ್ಣದಲ್ಲಿ ತೋರಿಸ್ತದೆ. ನೀವು ಮಾಡಬೇಕಾದ್ದು ಒಂದೇ, ಉಸಿರು ಹಿಡೀಬೇಕು.”

“ಆಗಲ್ಲ ಸರ್. ಮೈಸೂರಲ್ಲೂ ಆಗಲಿಲ್ಲ.”

“ಇದು ಬೇಗ ಮುಗೀತದೆ. ನಾನು ಎಣಿಸ್ತೀನಿ, ನೀವು ನನ್ ಜೊತೇಲಿ ಬನ್ನಿ.”

ಔಷಧಿ ಕೈಯ ನರದಲ್ಲಿ ಹೋದಾಗ ಕುತ್ತಿಗೆ, ಎದೆ, ಹೊಟ್ಟೆ ಎಲ್ಲ ಬಿಸಿಯಾಗಿ ಉಚ್ಚೆ ಹೊಯ್ದುಕೊಂಡೆನೆಂದೇ ತಿಳಿದೆ. ಸ್ಪೀಕರಿನಲ್ಲಿ ಅವರ ದನಿ, ಒಂದು, ಎರಡು, ಮೂರು. ನಾಲ್ಕಕ್ಕೆ ನನ್ನ ಕಣ್ಣಲ್ಲಿ ಕಿಡಿ ಹಾರಿತು. ಐದು. ಆರು ಎನ್ನಲಿಲ್ಲ. “ಸಾಕಮ್ಮ, ಬಿಡಿ, ಗೆದ್ದಿರಿ” ಎಂದರು. ನಾನು ಅಲ್ಲೇ ಮಲಗಿ ಅತ್ತೆ.

ಡಾಕ್ಟರು ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬಹುದು. ಕಂಪ್ಯೂಟರಿನಲ್ಲಿ ಎರಡು ಚಿತ್ರ ಅಕ್ಕಪಕ್ಕ ಇಟ್ಟರು. ಮೊದಲನೆಯದು ಬೂದಿಬಣ್ಣ. ಅದರಲ್ಲಿ ನನ್ನ ಶ್ವಾಸಕೋಶಗಳು, ನೋಡಿದರೆ ಯಾರೂ ತಪ್ಪು ಹೇಳುವಂತಿರಲಿಲ್ಲ. ಎರಡನೆಯದು ಬಣ್ಣದ್ದು. ರಕ್ತ ಓಡಾಡುವ ಜಾಗವೆಲ್ಲ ಕೆಂಡದ ಬಣ್ಣ. ಬಲಗಡೆ ಕೆಳಗೆ ಎರಡು ಕಡೆ, ಎಡಗಡೆ ಒಂದು ಕಡೆ, ಕತ್ತರಿಸಿದ ಹಲಸಿನ ತುಂಡಿನ ಆಕಾರದ ಕಪ್ಪು.

“ಇಲ್ಲಿ ಗಾಳಿ ಹೋಗ್ತಿದೆ. ರಕ್ತ ಹೋಗ್ತಿಲ್ಲ. ಸಣ್ಣ ಸಣ್ಣ ಹೆಪ್ಪು ನಾಳಗಳಿಗೆ ಅಡ್ಡ ಕೂತಿವೆ” ಎಂದರು.

ನಮ್ಮ ಕಡೆ ನಾಲೆಯ ಕೊನೆಯ ಗದ್ದೆಗಳಿಗೆ ನೀರು ತಲುಪುವುದಿಲ್ಲ, ಮೇಲಿನ ತೂಬಿನಲ್ಲಿ ಕಸ ಕಟ್ಟಿಕೊಂಡಿರುತ್ತದೆ. ಗದ್ದೆ ನೋಡಿದರೆ ಗದ್ದೆಯ ತಪ್ಪೇನೂ ಇರುವುದಿಲ್ಲ. ನನ್ನ ಎದೆಯೊಳಗೆ ಹಾಗೆ ಒಣಗಿದ ಗದ್ದೆ ಮೂರು ಇದ್ದವು. ಇಷ್ಟು ದಿನ ನಾನು ಅವುಗಳ ಮೇಲೆ ಕೂಸನ್ನು ಮಲಗಿಸಿಕೊಂಡಿದ್ದೆ.

ಆಮೇಲೆ ಅವರು ಚಿತ್ರದಿಂದ ಕಣ್ಣು ತೆಗೆದು ನನ್ನ ಪಾದಗಳ ಕಡೆ ನೋಡಿದರು.

“ಕಾಲು ಊದಿತ್ತಾ? ಒಂದೇ ಕಾಲು?”

ಎದೆಯ ಚಿತ್ರ ನೋಡಿ ಕಾಲಿನ ಸುದ್ದಿ ಹೇಗೆ ಹೇಳಿದರು? ಹೌದು ಎಂದೆ.

“ಯಾರಾದರೂ ಒತ್ತಿದ್ರಾ, ನೀವಿದ್ರಾ?”

ಶಿವಣ್ಣ ನನ್ನ ಮುಖ ನೋಡಿದರು. ನಾನು ಹೌದು ಎಂದೆ.

ಡಾಕ್ಟರು ಬೈಯಲಿಲ್ಲ. ನೀವದಿದ್ದರೂ ಅದು ಕಿತ್ತುಕೊಂಡು ಹೋಗಬಹುದಿತ್ತು, ಖಂಡಿತ ಹೇಳಲಾಗುವುದಿಲ್ಲ, ಆದರೆ ಹಾಗೆ ಊದಿದ ಕಾಲನ್ನು ನೀವಲೇಬಾರದು ಎಂದರು. ಪೆನ್ನು ಎತ್ತಿಕೊಂಡು ಇನ್ನೊಂದು ಪ್ರಶ್ನೆ ಕೇಳಿದರು. “ಇದು ಕೆಲವು ಮನೆತನಗಳಲ್ಲಿ ಬರ್ತದೆ. ನಿಮ್ಮ ತಾಯಿ ಕಡೆ ಯಾರಾದರೂ ಬಾಣಂತನದಲ್ಲಿ ದಿಢೀರ್ ಅಂತ ತೀರಿಕೊಂಡಿದ್ರಾ?”

ತಮ್ಮನನ್ನು ಹೆತ್ತ ಹದಿನೈದನೆಯ ದಿನ ಅವ್ವ ಬಚ್ಚಲಿನಿಂದ ಬಂದು ಹೊಸಲಿನ ಮೇಲೆ ಕುಸಿದು ಸತ್ತಳು. ಸನ್ನಿ ಹೊಡೆಯಿತು ಎಂದರು ಊರವರು. ಬಾಣಂತಿ ಹೋದರೆ ನಮ್ಮ ಕಡೆ ಇರುವುದು ಅದೊಂದೇ ಹೆಸರು. ಅವ್ವನಿಗೆ ನೀರು ಹಾಕುತ್ತಿದ್ದವಳು ದೊಡ್ಡವ್ವ.

“ನಮ್ಮವ್ವ” ಎಂದೆ. ಡಾಕ್ಟರು ಬರೆದುಕೊಂಡರು.

ಹೊರಗೆ ಬಂದಾಗ ದೊಡ್ಡವ್ವ ಒಳಲೆಯಲ್ಲಿ ಹನಿಹನಿಯಾಗಿ ಹಾಲು ಹುಯ್ಯುತ್ತ ಕೂಸಿನ ಜೊತೆ ಮಾತಾಡುತ್ತಿದ್ದಳು. ಶಿವಣ್ಣ ನೇರ ಅವಳ ಕಡೆಗೇ ಹೊರಟರು. ಅವರನ್ನು ಕಂಬದ ಹಿಂದಕ್ಕೆ ಎಳೆದೆ.

“ನಿಮ್ ದೊಡ್ಡವ್ವ ನಿನ್ನ ಸಾಯಿಸ್ಬುಡ್ತಿದ್ಲು. ಕೇಳ್ದೆ ಬಿಡಲ್ಲ ನಾನು.”

“ಕೇಳಿದ್ರೆ ಅವಳು ಉಳಿಯಲ್ಲ ಕಣ್ರೀ. ಕಾಲಿಂದ ಬಂದದ್ದು ಅಂತ ಗೊತ್ತಾದ್ರೆ ಅವಳಿಗೆ ನಮ್ಮವ್ವಂದೂ ಗೊತ್ತಾಗ್ತದೆ. ಬಾಯಿ ಬಿಟ್ರೆ ನನ್ ಮೇಲಾಣೆ.”

ಅವರು ಗೋಡೆಗೆ ಹಣೆ ಆನಿಸಿ ನಿಂತರು. ಆಮೇಲೆ ಹೋಗಿ, “ಎದೇಲಿ ರಕ್ತ ಹೆಪ್ಪುಗಟ್ಟಿದೆಯಂತೆ ಕಣ್ ದೊಡ್ಡವ್ವ, ಔಷಧಿ ಅದೆ” ಎಂದಷ್ಟೇ ಹೇಳಿದರು. ದೊಡ್ಡವ್ವ ಕೂಸನ್ನು ಅವಚಿಕೊಂಡು, “ನನ್ ಮಗಳ ಎದೇಲೇ ಯಾಕ್ ಎಪ್ಪುಗಟ್ಬೇಕು? ಎಲ್ಲಿಂದ ಬತ್ತು?” ಎಂದಳು. ಶಿವಣ್ಣ ಚೀಟಿ ಹಿಡಿದು ಔಷಧಿ ತರಲು ಹೋದರು.

ಹತ್ತು ದಿನ ಅಲ್ಲೇ ಇದ್ದೆ. ಹೊಟ್ಟೆಗೆ ಇಂಜೆಕ್ಷನ್ನು, ಆಮೇಲೆ ರಕ್ತ ತೆಳುವಾಗುವ ಮಾತ್ರೆ. ಮಾತ್ರೆ ನುಂಗುವವರು ಸೊಪ್ಪನ್ನು ಅಳತೆಯಲ್ಲಿ ತಿನ್ನಬೇಕಂತೆ. ದೊಡ್ಡವ್ವನಿಗೆ ಕಾಯಿಲೆಗಿಂತ ಇದೇ ದೊಡ್ಡ ದುಃಖ. “ಸೊಪ್ಪಿನ್ ಬಸ್ಸಾರ್ ಉಣ್ಣಬಾರ್ದು ಅಂದ್ಮೇಲೆ ಬದುಕಿ ಏನ್ ಮಾಡಾದು” ಎಂದು ನನ್ನೆದುರಿಗೇ ಹೇಳಿ, ಮರುಕ್ಷಣ ನಾಲಗೆ ಕಚ್ಚಿಕೊಂಡಳು. ನನಗೆ ಜೋರು ನಗು ಬಂತು. ಆ ನಗುವಿಗೆ ದಮ್ಮು ಬರಲಿಲ್ಲ ಎಂದು ಆಮೇಲೆ ಹೊಳೆಯಿತು.

ನಂಜನಗೂಡಿನ ಮನೆಯಲ್ಲಿ ನಾಲ್ಕು ತಿಂಗಳು ಅವಳೇ ನನ್ನನ್ನೂ ಕೂಸನ್ನೂ ನೋಡಿಕೊಂಡಳು. ಅಷ್ಟು ದಿನವೂ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ಅವಳು ಊರಿಗೆ ಹೋದ ಮೇಲೆ ಮತ್ತೆ ಬೇರೆ ಬಾಣಂತಿಯರನ್ನು ನೀವುತ್ತಾಳೆ. ಹೇಳದಿದ್ದರೆ ಯಾರದೋ ಮಗಳ ಎದೆಗೆ ಹೋದೀತು. ಹೇಳಿದರೆ ತಂಗಿಯನ್ನು ತನ್ನ ಕೈಯಾರೆ ಕಳಕೊಂಡೆನೆಂದು ಅವಳು ತಿಳಿಯಬೇಕಾದೀತು. ಇವತ್ತು ಬೇಡ, ನಾಳೆ ಎಂದು ನಾಲ್ಕು ತಿಂಗಳು ತಳ್ಳಿದೆ. ಹೇಳದೆಯೇ ಬಸ್ಸು ಹತ್ತಿಸಿದೆ.

ಹದಿನೈದು ದಿನಕ್ಕೆ ಕೂಸನ್ನು ಎತ್ತಿಕೊಂಡು ನಾನೇ ಊರಿಗೆ ಹೋದೆ. ಹೇಳಲೇಬೇಕು ಎಂದುಕೊಂಡೇ ಹೋದೆ, ಹೋಗಿ ಎರಡು ದಿನ ಸುಮ್ಮನೆ ಉಂಡುಕೊಂಡಿದ್ದೆ. ಮೂರನೆಯ ಬೆಳಿಗ್ಗೆ ಪಕ್ಕದ ಮನೆ ಪುಟ್ಟಮ್ಮ ಬಾಗಿಲಿಗೆ ಬಂದಳು. ಅವಳ ಮಗಳು ಗಿರಿಜಾ ಹೆತ್ತು ಹತ್ತು ದಿನ.

“ಅಕ್ಕ, ನಮ್ ಗಿರ್ಜಿ ಬಲಗಾಲು ಊದ್ಕಂಡದೆ. ಇವತ್ತು ವಸಿ ಬಿಗಿಯಾಗಿ ನೀವ್ಕೊಡು.”

“ಬಂದೆ ನಡಿ” ಎಂದು ಅವಳನ್ನು ಮುಂದೆ ಕಳಿಸಿ, ದೊಡ್ಡವ್ವ ಸೆರಗು ಸಿಕ್ಕಿಸಿ ಎಣ್ಣೆ ಬಟ್ಟಲು ಕೈಗೆತ್ತಿಕೊಂಡಳು.

ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. “ದೊಡ್ಡವ್ವ, ಆ ಕಾಲು ಮುಟ್ಟಬೇಡ.”

“ಯಾಕ್ ಮಗ?”

ಹೋದಲ್ಲಿಗೆಲ್ಲ ನನ್ನ ಫೈಲು ಜೊತೆಗಿರಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಚೀಲದಿಂದ ತೆಗೆದು ಬಣ್ಣದ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದೆ. ಕೆಂಡದ ಬಣ್ಣ ತೋರಿಸಿದೆ, ಕಪ್ಪು ತೋರಿಸಿದೆ. “ಇಲ್ಲಿ ಕೂತಿದ್ದ ಹೆಪ್ಪು ಎಲ್ಲಿಂದ ಬಂತು ಅಂತ ಕೇಳಿದ್ಯಲ್ಲ ಅವತ್ತು. ನನ್ನ ಎಡಗಾಲಿಂದ.”

ಅವಳು ಬಟ್ಟಲು ಕೆಳಗಿಡದೆ ಆ ಚಿತ್ರವನ್ನೇ ನೋಡಿದಳು.

“ನಾನ್ ನೀವಿದ್ಕಾ?”

“ನೀವದೆ ಇದ್ದಿದ್ರೂ ಹೋಗ್ತಿತ್ತೇನೋ. ಖಂಡಿತ ಹೇಳೋಕಾಗಲ್ಲ ಅಂದ್ರು ಡಾಕ್ಟ್ರು. ಆದ್ರೆ ಊದಿದ ಕಾಲು ನೀವಬಾರ್ದು ಅನ್ನೋದು ಖಂಡಿತ.”

ಅವಳು ಹಿಂದಿನ ದಿನಗಳನ್ನು ಒಂದೊಂದಾಗಿ ಎಣಿಸುತ್ತಿರುವುದು ನನಗೆ ಕಾಣುತ್ತಿತ್ತು. ಅದನ್ನು ತಡೆಯಲು ನನ್ನ ಹತ್ತಿರ ಏನೂ ಇರಲಿಲ್ಲ.

“ನಿಮ್ಮವ್ವಂಗೂ ಊದಿತ್ತು” ಎಂದಳು. ದನಿ ಅವಳದಲ್ಲ. “ಒಂದೇ ಕಾಲು. ನಾನೇ ನೀವ್ದೆ. ಇಳೀತು ಅಂತ ಅವ್ಳೂ ನಾನೂ ನಕ್ಕೊಂಡು ಕೂತಿದ್ವಿ.”

ನಾನು ಅವಳ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು. ಬಟ್ಟಲನ್ನು ಒಲೆಯ ಪಕ್ಕ ಇಟ್ಟು, ಸೆರಗಿನಲ್ಲಿ ಎರಡೂ ಕೈ ಒರೆಸಿ ಒರೆಸಿ, ನನ್ನನ್ನು ದಾಟಿಕೊಂಡು ಪಕ್ಕದ ಮನೆಗೆ ನಡೆದಳು. ಹಿಂದೆಯೇ ಓಡಿದೆ.

“ಏಳೇ ಪುಟ್ಟಿ, ಆಟೋ ಕರ್ಸು. ನರಸೀಪುರದ ಆಸ್ಪತ್ರೆಗೆ ಓಗವ. ಕೂಸ್ನ ನಾನ್ ಎತ್ಕತೀನಿ.”

“ಇದೇನಕ್ಕ, ನೀನೇ ಇರ್ಬೇಕಾರೆ ಕಾಲೂತಕ್ಕೆ ಆಸ್ಪತ್ರೆ ಯಾಕೆ?”

“ನಾನಿರಾದ್ಕೇ ಯೋಳ್ತಾವ್ನಿ, ನಡಿ.”

ಗಿರಿಜಾಳನ್ನು ನರಸೀಪುರದಿಂದ ಮೈಸೂರಿಗೆ ಕಳಿಸಿದರು. ಕಾಲಿನಲ್ಲೇ ಹೆಪ್ಪು ಸಿಕ್ಕಿತು. ಎದೆಗೆ ಹೋಗಿರಲಿಲ್ಲ. ಅವಳ ಮಗಳು ಈಗ ನನ್ನ ಮಗನ ಜೊತೆ ಜಗಳವಾಡುವಷ್ಟು ದೊಡ್ಡವಳಾಗಿದ್ದಾಳೆ.

ದೊಡ್ಡವ್ವ ಅಂದು ಸಂಜೆ ಬಂದು ಗೋಡೆಗೆ ಮುಖ ಮಾಡಿ ಮಲಗಿದವಳು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾನು ಪಕ್ಕದಲ್ಲೇ ಮಲಗುತ್ತಿದ್ದೆ. ಅವ್ವನ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸತ್ಯ ಹೇಳಿದ್ದಕ್ಕೆ ಅವಳು ನನ್ನನ್ನು ಕ್ಷಮಿಸಿದಳೋ, ಅಷ್ಟು ತಿಂಗಳು ಮುಚ್ಚಿಟ್ಟದ್ದಕ್ಕೆ ಬೈದುಕೊಂಡಳೋ ನನಗೆ ತಿಳಿಯದು. ನಾಲ್ಕನೆಯ ದಿನ ಎದ್ದು ಹಳೇ ಸೀರೆಯ ಅಂಚಿನಿಂದ ಒಂದು ಉದ್ದನೆಯ ಪಟ್ಟಿ ಹರಿದುಕೊಂಡಳು.

ಅಂದಿನಿಂದ ಯಾವ ಬಾಣಂತಿಗೂ ಆ ಪಟ್ಟಿಯಿಲ್ಲದೆ ಅವಳು ನೀರು ಹಾಕಿಲ್ಲ. ಮೊದಲು ಎರಡೂ ಮೀನಖಂಡದ ಸುತ್ತಳತೆ ಹಿಡಿಯುತ್ತಾಳೆ. ಒಂದು ಕೂದಲೆಳೆ ಹೆಚ್ಚಾದರೂ ಎಣ್ಣೆ ಮುಟ್ಟುವುದಿಲ್ಲ, ಆಸ್ಪತ್ರೆಗೆ ನಡಿ ಎನ್ನುತ್ತಾಳೆ. ನೀರು ಕೇಳಿದವರಿಗೆ ಚೊಂಬು ತುಂಬ ಕೊಡುತ್ತಾಳೆ. ಕೋಣೆಯೊಳಗೇ ಹತ್ತು ಹೆಜ್ಜೆ ನಡೆಸುತ್ತಾಳೆ. ಯಾಕೆಂದು ಕೇಳಿದವರಿಗೆ, “ನಿಮಗ್ಯಾಕೆ, ನಡೀರಿ” ಎನ್ನುತ್ತಾಳೆ.

ನಾನು ಮಾತ್ರೆ ಬಿಟ್ಟಿಲ್ಲ, ಬಿಡುವಂತಿಲ್ಲವಂತೆ. ಮೆಟ್ಟಿಲು ಹತ್ತುತ್ತೇನೆ, ಶಾಲೆಗೆ ಹೋಗುತ್ತೇನೆ. ಕತ್ತಲೆ ಕೋಣೆಯಲ್ಲಿ ದಮ್ಮು ಕಟ್ಟಿ ಮಲಗಿ, ಇದು ನನ್ನ ಸೋಮಾರಿತನವೇನೋ ಎಂದು ನಾಚಿಕೊಂಡಿರುವ ಹೆಣ್ಣುಮಗಳು ಯಾರಾದರೂ ಇದನ್ನು ಓದುತ್ತಿದ್ದರೆ, ನಾಚಿಕೊಳ್ಳಬೇಡಿ ತಾಯಿ. ಕಾಲಿನ ಮಾತನ್ನೂ ಡಾಕ್ಟರಿಗೆ ಹೇಳಿ.

ಈಗಲೂ ಊರಿಗೆ ಹೋದರೆ ದೊಡ್ಡವ್ವ ಮೊದಲು ನನ್ನನ್ನು ಜಗಲಿಯ ಮೇಲೆ ಕೂರಿಸುತ್ತಾಳೆ. ಸೀರೆ ಮೊಣಕಾಲಿಗೆ ಸರಿಸಿ ಪಟ್ಟಿ ಸುತ್ತುತ್ತಾಳೆ. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಕಣ್ಣು ಮಂಜಾಗಿದೆ, ಬೆರಳಲ್ಲೇ ಗುರುತು ಹಿಡಿಯುತ್ತಾಳೆ.

“ಎಲ್ಡೂ ಒಂದೇ ಅವೆ. ಎದ್ದೋಗಿ ಉಣ್ಣೋಗು.”